ದಾಳ ತಂದ ಮಳೆ

ಕಾದಂಬರಿಯಲ್ಲಿ ಮಳೆ ಬಂದರೆ ಅದನ್ನು ಯಾರು ತಂದರು ಎಂದು ನಾವು ಕೇಳುವುದಿಲ್ಲ. ಕತೆಗಾರನಿಗೆ ಬೇಕಿತ್ತು, ಬಂತು. ನಾಯಕ ಮನೆ ಬಿಟ್ಟು ಹೊರಡುವ ರಾತ್ರಿ ಗುಡುಗುತ್ತದೆ. ಇಬ್ಬರು ಒಂದೇ ಸೂರಿನಡಿ ನಿಲ್ಲಬೇಕಾದ ಹೊತ್ತಿಗೆ ಸರಿಯಾಗಿ ಹನಿ ಬೀಳುತ್ತದೆ. ನಮ್ಮ ಕಾವ್ಯಮೀಮಾಂಸೆ ಇದಕ್ಕೆ ಹೆಸರನ್ನೂ ಇಟ್ಟಿದೆ: ಉದ್ದೀಪನ ವಿಭಾವ. ಮೋಡ, ಬೆಳದಿಂಗಳು, ತಂಗಾಳಿ ಎಲ್ಲವೂ ಪಾತ್ರದ ಮನಸ್ಸಿನಲ್ಲಿ ಆಗಲೇ ಇರುವ ಭಾವವನ್ನು ಹೊತ್ತಿಸಲು ಬರುತ್ತವೆ. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಋತುವರ್ಣನೆಗೆ ಕಾಯಂ ಜಾಗವಿದೆ. ಅಲ್ಲಿ ಹವೆ ಎಂಬುದು ಕವಿಯ ಆಳು.

ಮಳೆಗೆ ಒಡೆಯನೇ ಇಲ್ಲದ ಕಥನವೊಂದು ಸಾಧ್ಯವೇ? ಈ ಪ್ರಶ್ನೆ ನನಗೆ ಎದುರಾದದ್ದು ಪುಸ್ತಕದಲ್ಲಲ್ಲ, ಆಟದ ಮೇಜಿನ ಸುತ್ತ. ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಗೇಮ್ ಎಂಬ ಆಟವನ್ನು ನೋಡದವರಿಗಾಗಿ ಎರಡು ಮಾತು. ನಾಲ್ಕೈದು ಜನ ಕೂರುತ್ತಾರೆ. ಒಬ್ಬ ನಿರೂಪಕ, ಲೋಕವನ್ನು, ಅದರ ಊರು, ಕಾಡು, ಶತ್ರುಗಳನ್ನು ಮಾತಿನಲ್ಲೇ ಕಟ್ಟುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ, ಏನು ಮಾಡುತ್ತೇವೆಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನವಿದ್ದ ಕಡೆ ದಾಳ ಉರುಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಪ್ರಕಾರದ ಮೊದಲ ಪ್ರಕಟಿತ ಆಟ. ಅದರಲ್ಲಿ ನಿರೂಪಕನಿಗೆ ಡಂಜನ್ ಮಾಸ್ಟರ್ ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ನಾನೇ ನಿರೂಪಕನಾಗಿದ್ದೆ. ಗೆಳೆಯರು ಇದ್ದಕ್ಕಿದ್ದಂತೆ ಹೊಳೆ ದಾಟಿ ಆಚೆ ಊರಿಗೆ ಹೋಗುತ್ತೇವೆಂದರು. ಆಚೆ ಊರಿನ ಬಗ್ಗೆ ನಾನು ಒಂದಕ್ಷರವನ್ನೂ ಬರೆದುಕೊಂಡಿರಲಿಲ್ಲ. 'ಭಾರಿ ಮಳೆ ಸುರೀತಿದೆ, ಹೊಳೆ ತುಂಬಿ ಹರೀತಿದೆ, ದಾಟೋಕಾಗಲ್ಲ' ಎಂದೆ. ಒಬ್ಬ ಗೆಳೆಯ ಪೆನ್ಸಿಲ್ ಕೆಳಗಿಟ್ಟು, 'ಇದು ಮಳೆ ಅಲ್ಲ ಮಾರಾಯ, ನೀನು' ಎಂದ. ಎಲ್ಲರೂ ನಕ್ಕೆವು. ಆದರೆ ಅಂದಿನಿಂದ ನಾನು ಮಳೆ ಎಂದಾಗಲೆಲ್ಲ ಅವರು ಆಕಾಶ ಕಲ್ಪಿಸಿಕೊಳ್ಳುವುದನ್ನು ಬಿಟ್ಟು ನನ್ನ ಮುಖ ನೋಡತೊಡಗಿದರು. ಆ ಲೋಕದಲ್ಲಿ ಮಳೆ ಬೀಳುವುದು ಅಂದಿಗೆ ನಿಂತಿತು.

ಹವಾಮಾನದ ನಿಯಮ ಎಂಬ ಸಣ್ಣ ಸಂಗತಿಯ ಬಗ್ಗೆ ಇಷ್ಟು ದೊಡ್ಡ ಲೇಖನ ಏಕೆ ಎಂದರೆ ಇದೇ ಕಾರಣ. ಆಟಗಾರ ತನ್ನ ತೀರ್ಮಾನಕ್ಕೆ ಬೆಲೆಯಿದೆ ಎಂದು ನಂಬಬೇಕಾದರೆ, ನಿರೂಪಕನ ಇಷ್ಟಾನಿಷ್ಟಗಳಿಗೆ ಸೇರದ ಏನೋ ಒಂದು ಆ ಲೋಕದಲ್ಲಿರಬೇಕು. ಹವೆ ಅದಕ್ಕೆ ಹೇಳಿ ಮಾಡಿಸಿದ್ದು. ಹಾಗಾದರೆ ಈ ಐವತ್ತು ವರ್ಷಗಳಲ್ಲಿ ಆಟಗಳು ಹವೆಯನ್ನು ಹೇಗೆ ಬರೆದಿವೆ?

ಮೊದಲ ದಾರಿ, ಎಲ್ಲವನ್ನೂ ಲೆಕ್ಕ ಹಾಕುವುದು. 1974ರ ಮೂಲ ಆಟ ಬಯಲು ಪ್ರಯಾಣಕ್ಕೆ, ಅವಲಾನ್ ಹಿಲ್ ಕಂಪನಿ 1972ರಲ್ಲಿ ತಂದಿದ್ದ 'ಔಟ್‌ಡೋರ್ ಸರ್ವೈವಲ್' ಎಂಬ ಬೇರೆಯದೇ ಆಟದ ನಕ್ಷೆಯನ್ನು ಬಳಸಿಕೊಳ್ಳಿ ಎಂದು ಸೂಚಿಸಿ ಮುಂದೆ ಸಾಗಿತ್ತು. ಎಂಬತ್ತರ ದಶಕದ ಹೊತ್ತಿಗೆ ಆ ಸಂಕೋಚವೆಲ್ಲ ಹೋಯಿತು. 1983ರ 'ವರ್ಲ್ಡ್ ಆಫ್ ಗ್ರೇಹಾಕ್' ಪೆಟ್ಟಿಗೆಯಲ್ಲಿ ತಿಂಗಳು ತಿಂಗಳಿಗೆ ಉಷ್ಣಾಂಶ, ಮಳೆಯ ಸಾಧ್ಯತೆ, ಮಳೆಯ ಬಗೆ, ಗಾಳಿ, ಅಕ್ಷಾಂಶ ಮತ್ತು ಭೂಪ್ರದೇಶದ ತಿದ್ದುಪಡಿಗಳೆಂದು ಕೋಷ್ಟಕಗಳ ಸಾಲೇ ಇತ್ತು. 1986ರ 'ವೈಲ್ಡರ್‌ನೆಸ್ ಸರ್ವೈವಲ್ ಗೈಡ್' ಕೂಡ ಇದೇ ಹಾದಿಯದು. ಓದಲು ಇವು ಸೊಗಸು. ಇಲ್ಲದ ಒಂದು ಲೋಕಕ್ಕೆ ಹವಾಮಾನ ಇಲಾಖೆಯನ್ನೇ ಸ್ಥಾಪಿಸುವ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ಆದರೆ ಮೇಜಿನ ಮೇಲೆ ಅವು ಸೋಲುತ್ತವೆ. ನಾಲ್ಕು ಕೋಷ್ಟಕ ತಿರುವಿ, ಐದು ಸಲ ದಾಳ ಹಾಕಿ, ಕೂಡಿ ಕಳೆದು ಕೊನೆಗೆ ನಿರೂಪಕ ಹೇಳುವುದು 'ಇವತ್ತು ಸ್ವಲ್ಪ ಮೋಡ' ಎಂದು. ಮೂರನೆಯ ದಿನದ ಪ್ರಯಾಣದ ಹೊತ್ತಿಗೆ ಪುಸ್ತಕ ಮುಚ್ಚಿರುತ್ತದೆ.

ಎರಡನೆಯ ದಾರಿ ಇದಕ್ಕೆ ಪ್ರತಿಕ್ರಿಯೆಯಾಗಿ ಬಂದ ಸರಳತೆ. ಇದೇ ಆಟದ ಐದನೆಯ ಆವೃತ್ತಿಯ 2014ರ ನಿರೂಪಕರ ಕೈಪಿಡಿ ಮೂರು ಸಲ ಇಪ್ಪತ್ತು ಮುಖದ ದಾಳ ಹಾಕಿ ಎನ್ನುತ್ತದೆ: ಉಷ್ಣಾಂಶಕ್ಕೊಂದು, ಗಾಳಿಗೊಂದು, ಮಳೆಗೊಂದು. ಮಳೆಯ ದಾಳದಲ್ಲಿ 1ರಿಂದ 12 ಬಂದರೆ ಮಳೆಯಿಲ್ಲ, 13ರಿಂದ 17 ಬಂದರೆ ಹಗುರ, 18ರಿಂದ 20 ಬಂದರೆ ಜೋರು. ಋತುವಿಗೂ ಜಾಗಕ್ಕೂ ತಕ್ಕಂತೆ ಬದಲಿಸಿಕೊಳ್ಳಿ ಎಂಬ ಮಾತೂ ಇದೆ. ಅರ್ಧ ನಿಮಿಷದ ಕೆಲಸ.

ಸರಳವೇನೋ ಹೌದು. ಇದರ ದೋಷ ಲೆಕ್ಕ ಹಾಕಿದಾಗ ಕಾಣುತ್ತದೆ. ಜೋರು ಮಳೆಯ ಸಾಧ್ಯತೆ 20ರಲ್ಲಿ 3, ಅಂದರೆ ಶೇ. 15. ಇಂದು ಆಕಾಶವೇ ಕಳಚಿ ಬಿದ್ದಂತೆ ಸುರಿದಿದ್ದರೂ ನಾಳೆ ಒಂದು ಹನಿಯೂ ಬೀಳದಿರುವ ಸಾಧ್ಯತೆ ಶೇ. 60, ನಿನ್ನೆ ಬಿಸಿಲಿದ್ದರೂ ಅಷ್ಟೇ. ಎರಡು ದಿನ ಬೆನ್ನುಬೆನ್ನಿಗೆ ಜೋರು ಮಳೆ ಬರುವುದು ನೂರಕ್ಕೆ ಎರಡೂಕಾಲು ಸಲ. ಈ ಲೋಕದ ಆಕಾಶಕ್ಕೆ ನೆನಪಿಲ್ಲ. ಪ್ರತಿ ಬೆಳಗ್ಗೆಯೂ ಅದು ಹೊಸದಾಗಿ ಹುಟ್ಟುತ್ತದೆ. ಜಡಿಮಳೆ ಹಿಡಿದು ವಾರವಾಯಿತು ಎಂದು ಬೇಸತ್ತ ಯಾರಿಗೂ ಇದು ಹವೆ ಅನ್ನಿಸಲಾರದು. ಹವೆಯ ಮುಖ್ಯ ಗುಣವೇ ಹಿಡಿದರೆ ಬಿಡದಿರುವುದು.

ಇನ್ನೊಂದು ದೋಷ ಇದಕ್ಕಿಂತ ಆಳದ್ದು. ಇದೇ ಕೈಪಿಡಿಯಲ್ಲಿ ವಿಪರೀತ ಚಳಿಗೆ ನಿಯಮವಿದೆ. ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಕೆಳಗೆ ಇಳಿದರೆ ಪ್ರತಿ ಗಂಟೆಗೂ ದಾಳ ಹಾಕಿ 10 ಮುಟ್ಟಬೇಕು, ತಪ್ಪಿದರೆ ಬಳಲಿಕೆ ಒಂದು ಹಂತ ಏರುತ್ತದೆ. ಭಯ ಹುಟ್ಟಿಸುವ ನಿಯಮವೇ. ಆದರೆ ಚಳಿಯ ಉಡುಪು ತೊಟ್ಟವರು ದಾಳವನ್ನೇ ಹಾಕಬೇಕಿಲ್ಲ, ತಾನಾಗಿಯೇ ಪಾರಾಗುತ್ತಾರೆ. ಅಂಗಡಿಯಲ್ಲಿ ದಪ್ಪ ಕೋಟು, ಕೈಚೀಲ ಕೊಂಡರೆ ಚಳಿಗಾಲ ಮುಗಿಯಿತು. ಕೋಟು ಇಲ್ಲದವನಿಗೆ ಸಾವು, ಇದ್ದವನಿಗೆ ಏನೂ ಇಲ್ಲ. ನಡುವೆ ಯೋಚಿಸಬೇಕಾದ ಜಾಗವೇ ಇಲ್ಲ.

ಈ ಮರೆವಿನ ರೋಗಕ್ಕೆ ಆಟಗಾರರೇ ಕಂಡುಕೊಂಡ ಮದ್ದೊಂದಿದೆ. ಅದನ್ನು 'ಹೆಕ್ಸ್ ಫ್ಲವರ್' ಎನ್ನುತ್ತಾರೆ. ಹತ್ತೊಂಬತ್ತು ಷಟ್ಕೋನಗಳನ್ನು ಹೂವಿನಂತೆ ಜೋಡಿಸಿ ಒಂದೊಂದರಲ್ಲೂ ಒಂದು ಹವೆ ಬರೆದಿರುತ್ತಾರೆ. ಇಂದು ಯಾವ ಮನೆಯಲ್ಲಿದ್ದೀರೋ ಅಲ್ಲಿಂದ ಎರಡು ದಾಳದ ಮೊತ್ತ ತೋರಿಸಿದ ದಿಕ್ಕಿಗೆ ಒಂದು ಹೆಜ್ಜೆ. ಬಿಸಿಲಿನ ಪಕ್ಕದಲ್ಲಿ ಮೋಡ, ಮೋಡದ ಪಕ್ಕದಲ್ಲಿ ತುಂತುರು ಇರುವುದರಿಂದ ಬಿಸಿಲಿನಿಂದ ಬಿರುಗಾಳಿಗೆ ಒಮ್ಮೆಲೇ ಜಿಗಿಯಲಾಗದು. ಆಕಾಶಕ್ಕೆ ನೆನಪು ಬಂತು. ಆದರೆ ಸಾಮಾನ್ಯವಾಗಿ ಈ ಹೂವು ಅರಳುವುದು ನಿರೂಪಕನ ಪರದೆಯ ಹಿಂದೆ. ಆಟಗಾರನಿಗೆ ಕೇಳಿಸುವುದು ಫಲಿತಾಂಶ ಮಾತ್ರ.

ನಾನು ಕಂಡಂತೆ ಹವೆಯನ್ನು ಕಥನವಾಗಿ ಅರ್ಥ ಮಾಡಿಕೊಂಡ ಆಟ ಜಪಾನಿನದು: ಅತ್ಸುಹಿರೊ ಒಕಾಡ ರಚಿಸಿದ, 2007ರ 'ರ್ಯೂತಾಮಾ'. ಇಲ್ಲಿನ ಪಾತ್ರಗಳು ವೀರರಲ್ಲ. ರೈತ, ವ್ಯಾಪಾರಿ, ಬೇಟೆಗಾರ ಇಂಥವರು ಊರು ಬಿಟ್ಟು ಪಯಣ ಹೊರಟಿದ್ದಾರೆ. ನೆಲದ ಕಷ್ಟಕ್ಕೆ ಹವೆಯ ಕಷ್ಟ ಕೂಡಿದರೆ ಬರುವ ಸಂಖ್ಯೆಯೇ ಅಂದಿನ ಗುರಿ. ನಡೆಯುವುದಕ್ಕೆ, ದಾರಿ ಹುಡುಕುವುದಕ್ಕೆ, ರಾತ್ರಿ ಬಿಡಾರ ಹೂಡುವುದಕ್ಕೆ ಆ ಗುರಿಯನ್ನು ಮುಟ್ಟಬೇಕು. ಮಳೆಗೆ ಒದಗುವ ಮೇಲಂಗಿ, ಕೆಸರಿಗೆ ಒದಗುವ ಬೂಟು ಸ್ವಲ್ಪ ನೆರವಾಗುತ್ತವೆ, ಪೂರಾ ಪಾರು ಮಾಡುವುದಿಲ್ಲ. ಎಲ್ಲವನ್ನೂ ಹೊತ್ತುಕೊಂಡು ಹೋಗಲು ಬೆನ್ನು ಸಾಲದು. ಹೀಗಾಗಿ ಹೊರಡುವ ಮುನ್ನ ಏನನ್ನು ಕಟ್ಟಿಕೊಳ್ಳಬೇಕು, ಏನನ್ನು ಬಿಡಬೇಕು ಎಂಬ ಚರ್ಚೆಯೇ ಆ ಆಟದ ಅತ್ಯಂತ ಜೀವಂತ ಗಳಿಗೆ. ಯಾರೂ ಮಳೆಯನ್ನು ವರ್ಣಿಸಿಲ್ಲ, ಆದರೂ ಮೇಜಿನ ಸುತ್ತ ಎಲ್ಲರೂ ಒದ್ದೆಯಾಗಿರುತ್ತಾರೆ.

ಇಷ್ಟು ನೋಡಿದ ಮೇಲೆ ಒಳ್ಳೆಯ ಸರಳ ನಿಯಮಕ್ಕೆ ಮೂರು ಪರೀಕ್ಷೆಗಳು ಸಾಕು ಅನ್ನಿಸುತ್ತದೆ. ಹವೆಗೆ ನೆನಪಿದೆಯೇ? ಅದು ಆಟಗಾರನ ಮುಂದೆ ಒಂದು ಆಯ್ಕೆಯನ್ನಿಡುತ್ತದೆಯೇ? ಅದು ಬರುವ ಮುನ್ನ ಸುಳಿವು ಕೊಡುತ್ತದೆಯೇ? ಮೂರನೆಯದನ್ನು ಹೆಚ್ಚಿನ ಕೋಷ್ಟಕಗಳು ಮರೆಯುತ್ತವೆ. ಬೆಳಗ್ಗೆ ದಾಳ ಹಾಕಿ 'ಮಳೆ' ಎಂದರೆ ಅದು ಸುದ್ದಿ. ಸಂಜೆಯೇ ದಾಳ ಹಾಕಿ, 'ಇರುವೆಗಳು ಮೊಟ್ಟೆ ಹೊತ್ತು ಮೇಲೇರುತ್ತಿವೆ' ಎಂದಷ್ಟೇ ಹೇಳಿದರೆ ಅದು ಕತೆ.

ನಮ್ಮ ಗುಂಪು ಈಗ ಬಳಸುವ ನಿಯಮ ಒಂದು ಚೀಟಿಯಲ್ಲಿ ಹಿಡಿಸುತ್ತದೆ. ಹವೆಗೆ ಐದು ಮೆಟ್ಟಿಲು: ಬಿಸಿಲು, ಮೋಡ, ತುಂತುರು, ಜೋರು ಮಳೆ, ಬಿರುಗಾಳಿ ಮಳೆ. ಪ್ರತಿ ಸಂಜೆ ಆರು ಮುಖದ ಎರಡು ದಾಳ. ಮೊತ್ತ 6, 7, 8 ಬಂದರೆ ನಾಳೆಯೂ ಇಂದಿನ ಹಾಗೆ. 3ರಿಂದ 5 ಬಂದರೆ ಒಂದು ಮೆಟ್ಟಿಲು ತಿಳಿಯಾಗುತ್ತದೆ, 9ರಿಂದ 11 ಬಂದರೆ ಒಂದು ಮೆಟ್ಟಿಲು ಕೆಡುತ್ತದೆ. 2 ಅಥವಾ 12 ಬಂದರೆ ಆಯಾ ದಿಕ್ಕಿಗೆ ಎರಡು ಮೆಟ್ಟಿಲು. ಮಳೆಗಾಲದಲ್ಲಿ ಮೊತ್ತಕ್ಕೆ ಒಂದು ಕೂಡಿಸಿ. ಈ ಒಂದೇ ಒಂದು ಅಂಕಿ ಮಾಡುವ ಕೆಲಸ ನೋಡಿ: ಬೇರೆ ಕಾಲದಲ್ಲಿ ಕೆಡುವುದಕ್ಕೂ ತಿಳಿಯಾಗುವುದಕ್ಕೂ 36ರಲ್ಲಿ ತಲಾ 10 ಪಾಲು, ಮಳೆಗಾಲದಲ್ಲಿ ಕೆಡುವುದಕ್ಕೆ 15, ತಿಳಿಯಾಗುವುದಕ್ಕೆ ಬರೀ 6.

ಪರಿಣಾಮಗಳೂ ಅಷ್ಟೇ ಗಿಡ್ಡ. ತುಂತುರಿನಲ್ಲಿ ಒಣ ಸೌದೆ ಹೊತ್ತು ತಂದಿರದಿದ್ದರೆ ಬೆಂಕಿಯಿಲ್ಲ. ಜೋರು ಮಳೆಯಲ್ಲಿ ಅರ್ಧ ದಾರಿ ಮಾತ್ರ ಸಾಗುತ್ತದೆ, ಹೊಳೆ ದಾಟಲು ದಾಳ ಹಾಕಬೇಕು. ಬಿರುಗಾಳಿಯಲ್ಲಿ ನಡೆಯಬಹುದು, ಆದರೆ ಹೊತ್ತ ಸಾಮಾನಿನಲ್ಲಿ ಒಂದನ್ನು ಕಳೆದುಕೊಳ್ಳಲೇಬೇಕು. ಯಾವುದನ್ನು ಎಂದು ಆಟಗಾರನೇ ಹೇಳುತ್ತಾನೆ.

ಮೊದಲ ಸಲ ಆಡಿದಾಗ ಇದರಲ್ಲೊಂದು ತಪ್ಪಿತ್ತು. ಬಿರುಗಾಳಿಯ ಮೇಲೆ ಮೆಟ್ಟಿಲಿಲ್ಲವಾದ್ದರಿಂದ 'ಕೆಡುತ್ತದೆ' ಎಂದು ಬಂದರೂ ಅಲ್ಲೇ ನಿಲ್ಲುತ್ತಿತ್ತು. ಮಳೆಗಾಲದಲ್ಲಿ ಒಮ್ಮೆ ಹತ್ತಿದ ಬಿರುಗಾಳಿ ಮರುದಿನವೂ ಇರುವ ಸಾಧ್ಯತೆ 36ರಲ್ಲಿ 30 ಆಗಿಬಿಟ್ಟಿತ್ತು. ನಮ್ಮ ಪಾತ್ರಗಳು ಒಂದು ಗುಹೆಯಲ್ಲಿ ಕೂತು ಕೂತು ತಂದ ಅವಲಕ್ಕಿಯೆಲ್ಲ ಖಾಲಿಯಾಯಿತು. ಈಗ ಬಿರುಗಾಳಿಯ ದಿನ 'ಕೆಡುತ್ತದೆ' ಎಂದು ಬಂದರೆ ಅದು ತನ್ನ ಕಸುವನ್ನು ಸುರಿದು ಮುಗಿಸಿದಂತೆ. ಎರಡು ಮೆಟ್ಟಿಲು ಇಳಿದು ತುಂತುರಾಗುತ್ತದೆ. ಮರುದಿನವೂ ಉಳಿಯುವ ಪಾಲು 15ಕ್ಕೆ ಬಂತು.

ಮಳೆಗಾಲಕ್ಕೆ ಒಂದು ಕೂಡಿಸುವ ಯೋಚನೆ ಬಂದದ್ದು ಅಮೆರಿಕದ ಕೋಷ್ಟಕಗಳಿಂದಲ್ಲ ಎಂಬುದನ್ನೂ ಹೇಳಬೇಕು. ಅವುಗಳ ಕಣ್ಣು ಮೊದಲು ಉಷ್ಣಾಂಶದ ಮೇಲೆ, ನಾಲ್ಕು ಋತುಗಳ ಮೇಲೆ. ನಮ್ಮ ರೈತರು ಮಳೆಯನ್ನೇ ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ: ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ, ಒಂದೊಂದಕ್ಕೂ ಇಂಥದೇ ಸ್ವಭಾವವೆಂಬ ನಿರೀಕ್ಷೆ, ಅದು ತಪ್ಪಿದಾಗ ಏನು ಮಾಡಬೇಕೆಂಬ ಗಾದೆ. ಇದು ಮುನ್ಸೂಚನೆಯಾಗಿ ಎಷ್ಟು ನಿಜ ಎಂಬ ಪ್ರಶ್ನೆ ಬೇರೆ. ಒಂದು ನಿಯಮವಾಗಿ ನೋಡಿದರೆ, ಜನ ಬಾಯಲ್ಲೇ ಇಟ್ಟುಕೊಳ್ಳಬಹುದಾದಷ್ಟು ಸರಳ, ಬಿತ್ತಬೇಕೋ ಕಾಯಬೇಕೋ ಎಂಬ ತೀರ್ಮಾನಕ್ಕೆ ನೇರ ಗಂಟು ಹಾಕಿದ್ದು. ಆಟಕ್ಕೆ ಬೇಕಾದದ್ದೂ ಇದೇ.

ಒಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹವೆಯನ್ನು ದಾಳಕ್ಕೆ ಬಿಟ್ಟುಕೊಟ್ಟರೆ ಕತೆಗೆ ನಷ್ಟವಿಲ್ಲವೇ? ಟೋಲ್ಕಿನ್‌ನ 'ದಿ ಫೆಲೋಶಿಪ್ ಆಫ್ ದಿ ರಿಂಗ್' ಕಾದಂಬರಿಯಲ್ಲಿ ಪಯಣಿಗರು ಕರಾಧ್ರಾಸ್ ಬೆಟ್ಟ ದಾಟಲು ಹೊರಟಾಗ ಹಿಮ ಸುರಿದು ಹಿಂದಟ್ಟುತ್ತದೆ. ಅದರಿಂದಲೇ ಅವರು ಮೋರಿಯಾದ ಕತ್ತಲೆಗೆ ಇಳಿಯಬೇಕಾಗುತ್ತದೆ, ಗ್ಯಾಂಡಾಲ್ಫ್ ಅಲ್ಲೇ ಬೀಳುತ್ತಾನೆ. ಆ ಸಂಜೆ ದಾಳದಲ್ಲಿ 4 ಬಂದು ಹಿಮ ಕರಗಿದ್ದರೆ? ಆ ಕಾದಂಬರಿ ಇರುತ್ತಿರಲಿಲ್ಲ, ನಿಜ. ಆದರೆ ನಾವು ಮೇಜಿನ ಮುಂದೆ ಕೂರುವುದು ಮೊದಲೇ ಬರೆದಿಟ್ಟ ಕಾದಂಬರಿಗೆ ದನಿ ಕೊಡಲಿಕ್ಕಲ್ಲ. ಪಾಸು ತೆರೆದಿತ್ತು, ಅವರು ಮೇಲಿನಿಂದಲೇ ಹೋದರು, ಆಚೆ ಏನು ಕಂಡರು? ಅದು ಬರೆದವನಿಗೂ ಗೊತ್ತಿಲ್ಲದ ಕತೆ. ಓದುಗನಾಗಿ ನನಗೆ ಟೋಲ್ಕಿನ್‌ನ ಹಿಮ ಬೇಕು, ಆಟಗಾರನಾಗಿ ಆ ಇನ್ನೊಂದು ಕತೆ ಬೇಕು. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆದಾಗಲೇ ನಾನು ಅಂದು ಹೊಳೆ ತುಂಬಿಸಿದ್ದು.

ಮೊನ್ನೆ ಮತ್ತೆ ಒಂದು ಹೊಳೆಯ ದಡಕ್ಕೆ ಬಂದೆವು. ದಾಳ ಎಲ್ಲರ ಕಣ್ಣೆದುರು ಉರುಳಿತು: 9, ಮಳೆಗಾಲದ ಒಂದು ಸೇರಿ 10. ಇಂದಿನ ತುಂತುರು ನಾಳೆ ಜೋರು ಮಳೆ. ಆಚೆ ದಡದ ಊರಿನ ಬಗ್ಗೆ ಈ ಸಲವೂ ನಾನು ಹೆಚ್ಚೇನೂ ಬರೆದುಕೊಂಡಿರಲಿಲ್ಲ. ಅದೇ ಗೆಳೆಯ ನನ್ನ ಮುಖ ನೋಡಲಿಲ್ಲ. ನಕ್ಷೆ ನೋಡಿ, 'ಕತ್ತಲಾಗೋದ್ರೊಳಗೆ ದಾಟಿಬಿಡೋಣ' ಎಂದ.