ಪ್ರೋಬಿನ ಜೋಪಾನ: ಕನ್ನಡ ವಿಜ್ಞಾನ ಗದ್ಯದ ಒಂದು ಕೊರತೆ

ಕನ್ನಡದ ವಿಜ್ಞಾನ ಗದ್ಯ ತತ್ತ್ವವನ್ನು ವಿವರಿಸುವುದರಲ್ಲಿ ಪಳಗಿದೆ. ಯಂತ್ರವನ್ನು ಜೋಪಾನ ಮಾಡುವ ಮಾತಿನಲ್ಲಿ ಇನ್ನೂ ತಡವರಿಸುತ್ತದೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶಯ್ಯಂಗಾರ್ ಅವರು ಹೊರಡಿಸಿದ ‘ವಿಜ್ಞಾನ’ ಪತ್ರಿಕೆಯಿಂದ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದವರೆಗೆ ಈ ಪರಂಪರೆಯ ಮುಖ್ಯ ಕಾಳಜಿ ತಿಳಿಯದವರಿಗೆ ತಿಳಿಸುವುದು. ಅದು ದೊಡ್ಡ ಕೆಲಸವೇ ಸರಿ. ಆದರೆ ಓದುಗ ಯಂತ್ರದ ಮುಂದೆ ಕುಳಿತು ಕೈಯಾಡಿಸುವವನೂ ಆಗಿರಬಹುದೆಂಬ ಎಣಿಕೆ ಈ ಗದ್ಯದಲ್ಲಿ ವಿರಳ.

ನ್ಯೂಕ್ಲಿಯರ್ ಕಾಂತೀಯ ಅನುರಣನ, ಅಂದರೆ ಎನ್‌ಎಂಆರ್, ಇದಕ್ಕೆ ಒಳ್ಳೆಯ ನಿದರ್ಶನ. ಈ ವಿಷಯದ ಲೇಖನಗಳು ಸಾಮಾನ್ಯವಾಗಿ ಬುಗುರಿಯ ಹೋಲಿಕೆಯಿಂದ ಆರಂಭವಾಗಿ, 1952ರ ಬ್ಲಾಕ್ ಮತ್ತು ಪರ್ಸೆಲ್, 1991ರ ಎರ್ನ್‌ಸ್ಟ್, 2002ರ ವ್ಯೂಥ್ರಿಕ್ ಎಂದು ನೊಬೆಲ್ ಮೆಟ್ಟಿಲುಗಳನ್ನು ಹತ್ತಿ ಮುಗಿಯುತ್ತವೆ. ಕನ್ನಡ ನಾಡಿಗೆ ಈ ವಿದ್ಯೆ ದೂರದ್ದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಅವರು ಹರಿಯುವ ದ್ರವಗಳ ಅನುರಣನವನ್ನು ಕುರಿತು ಪ್ರಕಟಿಸಿದ್ದು 1951ರಲ್ಲಿ. ಎರ್ನ್‌ಸ್ಟ್ ಅವರೊಡನೆ 1975ರಲ್ಲಿ ಅನುರಣನದಿಂದ ಚಿತ್ರ ಪಡೆಯುವ ವಿಧಾನವನ್ನು ರೂಪಿಸಿದ ಅನಿಲ್ ಕುಮಾರ್ ದುಡಿದದ್ದೂ ಅಲ್ಲಿಯೇ. ಅರ್ಧ ಶತಮಾನಕ್ಕೂ ಮೀರಿದ ಈ ಒಡನಾಟದಿಂದ ಕನ್ನಡಕ್ಕೆ ಪರಿಭಾಷೆ ದೊರಕಿತು, ಎಚ್ಚರಿಕೆಯ ಮಾತು ದೊರಕಲಿಲ್ಲ.

ತಾಪವನ್ನು ಬದಲಿಸುತ್ತ ನಡೆಸುವ ಪ್ರಯೋಗದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಅಯಸ್ಕಾಂತದ ಸುರುಳಿ ದ್ರವ ಹೀಲಿಯಮ್ಮಿನಲ್ಲಿ ಸುಮಾರು -269 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಳುಗಿರುತ್ತದೆ. ಅದರ ನಡುವಿನ ಟೊಳ್ಳು ಮಾತ್ರ ಕೋಣೆಯ ತಾಪದಲ್ಲಿರುತ್ತದೆ. ಪ್ರೋಬ್ ಕೂರುವುದು ಅಲ್ಲಿ. ಕೆಳಗಿನಿಂದ ಬರುವ ಒಣ ಅನಿಲ ಹೀಟರನ್ನು ದಾಟಿ ಮಾದರಿಯ ನಳಿಗೆಯನ್ನು ಕಾಯಿಸುತ್ತದೆ ಅಥವಾ ತಣಿಸುತ್ತದೆ. ಅನಿಲ ಹರಿಯದೆ ಹೀಟರ್ ಉರಿದರೆ ಮೊದಲು ಸುಡುವುದು ಹೀಟರೇ. ತಂಪಿನ ಪ್ರಯೋಗಕ್ಕೆ ತೇವವಿರುವ ಗಾಳಿ ಬಳಸಿದರೆ ಪ್ರೋಬಿನ ಒಳಗೆ ಹಿಮ ಕಟ್ಟುತ್ತದೆ. ಅದು ಕರಗಿದಾಗ ನೀರು ವಿದ್ಯುತ್ ಭಾಗಗಳಿಗೆ ಇಳಿಯುತ್ತದೆ. ಆದುದರಿಂದಲೇ ಅಲ್ಲಿ ಒಣ ನೈಟ್ರೋಜನ್ ಕಡ್ಡಾಯ. ತಾಪ ಥಟ್ಟನೆ ಏರಿಳಿದರೆ ಒಳಗಿನ ಗಾಜು ಬಿರಿಯಬಹುದು. ದ್ರಾವಕದ ಕುದಿಬಿಂದುವಿಗೆ ತೀರ ಹತ್ತಿರ ಹೋದರೆ ನಳಿಗೆಯೇ ಒಡೆದು ಪ್ರೋಬ್ ಕೊಳೆಯಾಗುತ್ತದೆ. ಹೆಚ್ಚಿನ ಬಿಸಿಗೆ ಸಾಮಾನ್ಯ ಪ್ಲಾಸ್ಟಿಕ್ ಸ್ಪಿನ್ನರ್ ಸಲ್ಲದು, ಸೆರಾಮಿಕ್ ಬೇಕು. ಎಲ್ಲಕ್ಕಿಂತ ದುಬಾರಿಯಾದ ಅಪಾಯ ಟೊಳ್ಳಿನ ಅಂಚಿನಲ್ಲಿದೆ: ಅಲ್ಲಿನ ರಬ್ಬರ್ ಉಂಗುರಗಳು ತೀರ ತಣ್ಣಗಾಗಿ ಬಿರುಸಾದರೆ ನಿರ್ವಾತ ಕೆಡುತ್ತದೆ, ನಿರ್ವಾತ ಕೆಟ್ಟರೆ ಹೀಲಿಯಮ್ ಕುದಿದು ಹಾರಿಹೋಗುತ್ತದೆ, ಅಯಸ್ಕಾಂತವೇ ಆರಿಹೋಗುತ್ತದೆ.

ಇಷ್ಟನ್ನೂ ರೂಢಿಯ ವಿಜ್ಞಾನ ಗದ್ಯ ‘ತಾಪದ ಬದಲಾವಣೆಯನ್ನು ಸೂಕ್ತ ಮುನ್ನೆಚ್ಚರಿಕೆಗಳೊಂದಿಗೆ ಕೈಗೊಳ್ಳತಕ್ಕದ್ದು’ ಎಂದು ಮುಗಿಸಿಬಿಡುತ್ತದೆ. ವಾಕ್ಯದಲ್ಲಿ ತಪ್ಪಿಲ್ಲ, ಕೈಗೆ ಮಾತ್ರ ಏನೂ ಸಿಗುವುದಿಲ್ಲ. ಯಾರು, ಯಾವುದು ಮೊದಲು, ಯಾವುದು ಆಮೇಲೆ ಎಂಬ ಮೂರೂ ಅದರಲ್ಲಿ ಕಳೆದುಹೋಗಿವೆ. ‘ಮೊದಲು ಅನಿಲ ಬಿಡು, ಆಮೇಲೆ ಹೀಟರ್ ಹಚ್ಚು, ಆರಿಸುವಾಗ ಮೊದಲು ಹೀಟರ್’ ಎಂಬುದು ಕನ್ನಡಕ್ಕೆ ಅಸಹಜವಲ್ಲ, ಶಾಸ್ತ್ರಗದ್ಯದ ಘನತೆಗೆ ಮಾತ್ರ ಅದು ಕಡಿಮೆ ಎನಿಸುತ್ತದೆ. ಇನ್ನು ‘ತಾಪ’ ಎಂಬ ಒಂದೇ ಪದಕ್ಕೆ ಇಲ್ಲಿ ಮೂರು ಹೊರೆ: ಥರ್ಮೋಕಪಲ್ ತೋರಿಸುವುದು, ಮಾದರಿಯೊಳಗೆ ನಿಜವಾಗಿ ಇರುವುದು, ಟೊಳ್ಳಿನ ಗೋಡೆ ತಾಳುವುದು. ಮೊದಲ ಎರಡರ ಅಂತರವನ್ನು ತಿಳಿಯಲು ಮೆಥನಾಲಿನ ಎರಡು ಶಿಖರಗಳ ನಡುವಣ ದೂರವನ್ನು ಅಳೆಯುವ ಕ್ರಮವಿದೆ. ಬಿಸಿಯ ಕಡೆಗೆ ಎಥಿಲೀನ್ ಗ್ಲೈಕಾಲ್. ಪದ ಮೂರಿಲ್ಲದಿದ್ದರೂ ಚಿಂತೆಯಿಲ್ಲ, ಮೂರು ಬೇರೆ ಎಂಬುದನ್ನು ವಾಕ್ಯವಾದರೂ ಹೇಳಬೇಕು.

ಈ ಟೀಕೆ ಗಡಿಯಾಚೆಯ ಕನ್ನಡಕ್ಕೆ ಇನ್ನಷ್ಟು ಸಲ್ಲುತ್ತದೆ. ಕೊಯಮತ್ತೂರಿನಿಂದ ಕರೂರಿಗೆ ಹೋಗುವ ಹಾದಿಯಲ್ಲಿ ತಿರುಪ್ಪೂರು ಜಿಲ್ಲೆಯ ವೆಳ್ಳಕೋಯಿಲ್ ಇದೆ. ವಿದ್ಯುತ್ ಮಗ್ಗಗಳ ಊರು. ಆ ಸೀಮೆಯ ದೇವಾಂಗ ಮನೆಗಳಲ್ಲಿ ಕನ್ನಡ ಮನೆಮಾತಾಗಿ ಉಳಿದಿದೆ, ಶಾಲೆಯ ಬರಹ ತಮಿಳಿನದು. ಅಲ್ಲಿಂದ ರಸಾಯನಶಾಸ್ತ್ರ ಓದಲು ಹೊರಟ ವಿದ್ಯಾರ್ಥಿಗೆ ಪ್ರಯೋಗಾಲಯದ ಎಚ್ಚರಿಕೆಗಳು ದೊರೆಯುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಅವನಿಗೆ ದೊರೆಯಬಹುದಾದದ್ದು ಬುಗುರಿಯ ಹೋಲಿಕೆ. ಅವನ ಮನೆಯ ಕನ್ನಡಕ್ಕೆ ಯಂತ್ರದ ಆರೈಕೆ ಹೊಸತಲ್ಲವೆಂಬುದು ಇಲ್ಲಿನ ವಿಪರ್ಯಾಸ. ಹಾಸು, ಹೊಕ್ಕು, ಲಾಳಿ, ಗಂಜಿ ಎಂಬ ಮಾತುಗಳೊಡನೆ ಗಾಳಿ ಒಣಗಿದರೆ ನೂಲು ಕಡಿಯುತ್ತದೆಂಬ ಅರಿವೂ ಅಲ್ಲಿದೆ. ಮಗ್ಗಕ್ಕೆ ಬೇಕಾದ ತೇವ ಪ್ರೋಬಿಗೆ ವೈರಿ. ಆದರೆ ‘ಕೊಳವೆ ಬೆವರುತ್ತಿದೆ, ಒಣಗಾಳಿ ಬಿಡು’ ಎನ್ನಲು ಬೇಕಾದ ಪದಗಳೆಲ್ಲ ಆ ಮನೆಯಲ್ಲೇ ಇವೆ. ಸಮಿತಿಯ ಪದಕೋಶಕ್ಕೆ ಕಾಯಬೇಕಿಲ್ಲ.

ಇಂಥ ಗದ್ಯಕ್ಕೆ ಮಾದರಿ ಇಲ್ಲವೆನ್ನುವಂತಿಲ್ಲ. ಮದರಾಸಿನಲ್ಲಿದ್ದು ಕನ್ನಡದಲ್ಲಿ ಬರೆದ ಬಿ.ಜಿ.ಎಲ್. ಸ್ವಾಮಿಯವರು ‘ಹಸಿರು ಹೊನ್ನು’ ಕೃತಿಯಲ್ಲಿ ಸಸ್ಯಶಾಸ್ತ್ರವನ್ನು ವಿದ್ಯಾರ್ಥಿಗಳ ಅಲೆದಾಟ, ಎಡವಟ್ಟುಗಳೊಡನೆಯೇ ನಿರೂಪಿಸಿದರು. ಶಾಸ್ತ್ರ ಅದರಿಂದ ತೆಳುವಾಗಲಿಲ್ಲ. ಕಾಡಿಗೆ ಒದಗಿದ ಆ ಗದ್ಯ ಪ್ರಯೋಗಾಲಯದ ನೆಲಮಾಳಿಗೆಗೆ ಇಳಿಯಲಿಲ್ಲ.

ಇಳಿದರೆ ಅದು ಬರೆಯಬೇಕಾದ ಮೊದಲ ಪುಟ ಬಹುಶಃ ಪ್ರಯೋಗ ಮುಗಿದ ಮೇಲಿನ ಗಳಿಗೆಯದು. ರೋಹಿತ ದೊರಕಿತೆಂದು ಬಳಕೆದಾರ ಎದ್ದು ಹೋಗುವ ಹೊತ್ತು ಅದು. ಪ್ರೋಬ್ ಇನ್ನೂ ತಣ್ಣಗಿರುತ್ತದೆ. ಅದು ನಿಧಾನವಾಗಿ ಕೋಣೆಯ ತಾಪಕ್ಕೆ ಮರಳುವವರೆಗೂ ಒಣ ಅನಿಲ ಹರಿಯುತ್ತಲೇ ಇರಬೇಕು, ಪಕ್ಕದಲ್ಲಿ ಯಾರಾದರೂ ಕುಳಿತಿರಬೇಕು.