ಸಂಕಲ್ಪಕ್ಕೆ ದಂಡವುಂಟೆ?: ‘ಸೈಕೋ-ಪಾಸ್’ ಎಂಬ ಜಪಾನೀ ಚಿತ್ರಮಾಲೆಯೂ ಪ್ರೇಕ್ಷಕರ ಅಭಿಪ್ರಾಯಗಳೂ

ದೃಶ್ಯಕಾವ್ಯದ ಗುಣದೋಷಗಳನ್ನು ನಿರ್ಣಯಿಸುವುದರಲ್ಲಿ ಪ್ರೇಕ್ಷಕನಿಗೆ ನಮ್ಮ ಪೂರ್ವಾಚಾರ್ಯರು ಕೊಟ್ಟಿರುವ ಸ್ಥಾನವು ಅಲ್ಪವಾದುದಲ್ಲ. ಭರತಮುನಿಯು ಪ್ರಯೋಗಸಿದ್ಧಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ತರುಣರು ಒಂದನ್ನು ಮೆಚ್ಚುವರು, ಶೂರರು ಮತ್ತೊಂದನ್ನು, ವಿರಕ್ತರು ಇನ್ನೊಂದನ್ನು ಎಂಬುದಾಗಿ ರುಚಿಭೇದವನ್ನು ಒಪ್ಪಿಕೊಂಡಿರುವನು. ಆದರೆ ರುಚಿಭೇದವೆಂದು ಹೇಳಿ ಸುಮ್ಮನಾಗುವುದು ವಿಮರ್ಶೆಯಾಗಲಾರದು. ಒಂದು ಕೃತಿಯ ವಿಷಯದಲ್ಲಿ ಪ್ರೇಕ್ಷಕರು ಇಬ್ಬಣವಾದಾಗ, ಆ ವಿವಾದದ ಬೇರು ಎಲ್ಲಿದೆಯೆಂಬುದನ್ನು ಅಗೆದು ನೋಡುವುದು ವಿಮರ್ಶಕನ ಕರ್ತವ್ಯ.

ನಮ್ಮ ಯಲಿಯೂರಿನಲ್ಲಿ ಸಂಜೆ ಕಬ್ಬಿನ ಗದ್ದೆಯಿಂದ ಹಿಂದಿರುಗಿದ ಕೆಲವು ಮಂದಿ ತರುಣರು ಜಗಲಿಯ ಮೇಲೆ ಕುಳಿತು ಫೋನಿನಲ್ಲಿ ಈ ಚಿತ್ರಮಾಲೆಯನ್ನು ನೋಡುತ್ತ, ಅಂತ್ಯವನ್ನು ಕುರಿತು ಬಿರುಸಾಗಿ ವಾದಿಸುತ್ತಿದ್ದುದನ್ನು ಕೇಳಿ, ಲೇಖಕನೂ ಅವರೊಡನೆ ಕುಳಿತು ಮೊದಲಿನಿಂದ ಕಡೆಯವರೆಗೆ ನೋಡಿದನು. ಬರೆದ ಬೊಂಬೆಗಳು ಚಲಿಸುವ ಈ ಬಗೆಯ ಚಿತ್ರಗಳಿಗೆ ಜಪಾನಿನಲ್ಲಿ ‘ಆನಿಮೆ’ ಎಂದು ಹೆಸರು. ಹುಡುಗರಾಟವೆಂದು ಪಂಡಿತರು ಇದನ್ನು ತಳ್ಳಿಹಾಕಬಹುದು. ಆದರೆ ತೊಗಲುಬೊಂಬೆಯಾಟದಲ್ಲಿ ರಾಮಾಯಣವನ್ನು ಕಂಡು ಕಣ್ಣೀರಿಟ್ಟ ನಾಡಿನವರಿಗೆ ಬೊಂಬೆಯೆಂಬುದೊಂದು ಕುಂದಾಗಿ ತೋರಲಾಗದು.

ಪ್ರೊಡಕ್ಷನ್ ಐ.ಜಿ. ಎಂಬ ಸಂಸ್ಥೆಯು ನಿರ್ಮಿಸಿದ ‘ಸೈಕೋ-ಪಾಸ್’ 2012ರ ಅಕ್ಟೋಬರಿನಿಂದ 2013ರ ಮಾರ್ಚಿಯವರೆಗೆ 22 ಕಂತುಗಳಾಗಿ ಫುಜಿ ದೂರದರ್ಶನದಲ್ಲಿ ಪ್ರಸಾರವಾಯಿತು. ಪ್ರಧಾನ ನಿರ್ದೇಶಕರು ಮೋತೋಹಿರೋ ಕತ್ಸುಯುಕಿ, ನಿರ್ದೇಶಕರು ಶಿಯೋತಾನಿ ನಾವೋಯೋಶಿ, ಕಥಾಕರ್ತರು ಉರೋಬುಚಿ ಗೆನ್. ಕಥೆಯು ಇಪ್ಪತ್ತೆರಡನೆಯ ಶತಮಾನದ ಜಪಾನಿನಲ್ಲಿ ನಡೆಯುವುದು. ಅಲ್ಲಿ ‘ಸಿಬಿಲ್’ ಎಂಬ ಯಂತ್ರವ್ಯವಸ್ಥೆಯು ಪ್ರತಿಯೊಬ್ಬನ ಚಿತ್ತವೃತ್ತಿಯನ್ನೂ ಅಳೆದು, ಅವನಿಗೆ ತಕ್ಕ ವೃತ್ತಿಯನ್ನು ವಿಧಿಸುವುದಲ್ಲದೆ, ಅಪರಾಧಾಂಕವೆಂಬ ಒಂದು ಸಂಖ್ಯೆಯನ್ನೂ ಕೊಡುವುದು. ಅಂಕವು 100ನ್ನು ಮುಟ್ಟಿದರೆ ಮನುಷ್ಯನು ಯಾವ ಕೃತ್ಯವನ್ನು ಮಾಡದಿದ್ದರೂ ಸುಪ್ತಾಪರಾಧಿಯೆನಿಸಿ ಬಂಧನಕ್ಕೆ ಗುರಿಯಾಗುವನು. 300ನ್ನು ಮುಟ್ಟಿದರೆ ಆರಕ್ಷಕರ ಕೈಯಲ್ಲಿರುವ ‘ಡಾಮಿನೇಟರ್’ ಎಂಬ ಆಯುಧವು ತಾನಾಗಿಯೇ ಮಾರಕರೂಪವನ್ನು ತಾಳುವುದು. ನಾಯಿಕೆ ತ್ಸುನೆಮೋರಿ ಅಕಾನೆಯು ಹೊಸದಾಗಿ ನೇಮಕವಾದ ಇನ್‌ಸ್ಪೆಕ್ಟರು. ಕೋಗಾಮಿ ಶಿನ್ಯಾ ಎಂಬುವನು ಸುಪ್ತಾಪರಾಧಿಯಾಗಿದ್ದರೂ ಆರಕ್ಷಕರ ಕೈಕೆಳಗೆ ಬೇಟೆನಾಯಿಯಂತೆ ದುಡಿಯುವವನು. ಪ್ರತಿನಾಯಕ ಮಕಿಶಿಮಾ ಶೋಗೋ ಎಷ್ಟು ಕೊಲೆಗಳನ್ನು ಮಾಡಿದರೂ ಯಂತ್ರದ ಅಳತೆಗೆ ನಿರ್ಮಲಚಿತ್ತನಾಗಿಯೇ ಕಾಣುವನು. ಅಕಾನೆಯ ಗೆಳತಿಯನ್ನು ಅವನು ಆಕೆಯ ಕಣ್ಣೆದುರಿನಲ್ಲಿಯೇ ಕೊಲ್ಲುವಾಗಲೂ ಡಾಮಿನೇಟರು ಅವನ ಮೇಲೆ ಪ್ರಯೋಗವಾಗುವುದಿಲ್ಲ.

ಪ್ರೇಕ್ಷಕರ ಆಕ್ಷೇಪಗಳಲ್ಲಿ ಮೊದಲನೆಯದು ಅನುಕರಣದೋಷ. ಅಮೆರಿಕದ ಫಿಲಿಪ್ ಕೆ. ಡಿಕ್ ಎಂಬ ಕಥೆಗಾರನು 1956ರಲ್ಲಿಯೇ, ಅಪರಾಧವು ನಡೆಯುವುದಕ್ಕೆ ಮುನ್ನ ಅಪರಾಧಿಯನ್ನು ಹಿಡಿಯುವ ಕಥೆಯನ್ನು ಬರೆದಿದ್ದನು; 2002ರಲ್ಲಿ ಅದು ಚಲಚ್ಚಿತ್ರವೂ ಆಯಿತು. ಆದುದರಿಂದ ಇದು ಎರವಲಿನ ಸರಕೆಂದು ಕೆಲವರು ಬಗೆಯುವರು. ಇದಕ್ಕೆ ಸಮಾಧಾನವನ್ನು ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ದ್ಯೋತದಲ್ಲಿ ಹೇಳಿರುವನು. ಕಾವ್ಯಗಳೊಳಗಿನ ಹೋಲಿಕೆಯು ಪ್ರತಿಬಿಂಬದಂತೆ, ಚಿತ್ರದಂತೆ, ಸಮಾನದೇಹಿಯಂತೆ ಎಂದು ಮೂರು ವಿಧ. ಮೊದಲೆರಡು ತ್ಯಾಜ್ಯ, ಮೂರನೆಯದು ಗ್ರಾಹ್ಯ. ಡಿಕ್ಕನ ಕಥೆಯಲ್ಲಿ ಭವಿಷ್ಯತ್ತಿನ ಕೃತ್ಯವು ಮೊದಲೇ ಕಾಣುವುದು. ಇಲ್ಲಿ ಕಾಣುವುದು ಕೃತ್ಯವಲ್ಲ, ವರ್ತಮಾನದ ಚಿತ್ತ. ಅಲ್ಲಿಯ ಪ್ರಶ್ನೆ ಕಾಲವನ್ನು ಕುರಿತದ್ದು, ಇಲ್ಲಿಯದು ಮನಸ್ಸನ್ನು ಕುರಿತದ್ದು. ಇಬ್ಬರು ಸೋದರರ ಮುಖವು ಒಂದೇ ಬಗೆಯಾಗಿದ್ದರೂ ಪ್ರಾಣವು ಬೇರೆಯಷ್ಟೆ?

ಎರಡನೆಯ ಆಕ್ಷೇಪವು ಪಾಂಡಿತ್ಯಪ್ರದರ್ಶನವೆಂಬುದು. ಪಾತ್ರಗಳು ಮಾತುಮಾತಿಗೆ ಪ್ಲೇಟೋ, ಪಾಸ್ಕಲ್, ಷೇಕ್ಸ್‌ಪಿಯರ್, ಆರ್ವೆಲ್ ಮೊದಲಾದವರನ್ನು ಉದಾಹರಿಸುವುದು ಕೆಲವರಿಗೆ ಬೇಸರವನ್ನುಂಟುಮಾಡಿದೆ. ಅನೌಚಿತ್ಯವೇ ರಸಭಂಗಕ್ಕೆ ಕಾರಣವೆಂಬ ಸೂತ್ರದಿಂದ ಇದನ್ನು ಪರೀಕ್ಷಿಸಬೇಕು. ಮಕಿಶಿಮಾ ಎಂಬುವನು ಮಾತ್ರ ಹೀಗೆ ಮಾತನಾಡಿದ್ದರೆ ದೋಷವಿರುತ್ತಿರಲಿಲ್ಲ. ಯಂತ್ರವು ಕಾಣಲಾರದ ಮನುಷ್ಯನು ಯಂತ್ರವು ಓದಲಾರದ ಪುಸ್ತಕಗಳಲ್ಲಿ ಆಶ್ರಯವನ್ನು ಪಡೆಯುವುದು ಆತನ ಸ್ವಭಾವಕ್ಕೆ ಉಚಿತವಾಗಿಯೇ ಇದೆ. ಆದರೆ ಇತರರ ಬಾಯಿಂದಲೂ ಅದೇ ಧಾಟಿಯು ಹೊರಟಾಗ, ಕೇಳಿಸುವುದು ಪಾತ್ರದ ದನಿಯಲ್ಲ, ಕರ್ತೃವಿನ ದನಿ. ಇಷ್ಟರ ಮಟ್ಟಿಗೆ ಆಕ್ಷೇಪವು ನ್ಯಾಯವಾದುದು.

2014ರಲ್ಲಿ ಬಂದ 11 ಕಂತುಗಳ ಎರಡನೆಯ ಮಾಲೆಯನ್ನು ಕುರಿತು ಪ್ರೇಕ್ಷಕರಲ್ಲಿ ಬಹುಮಂದಿ ಅತೃಪ್ತರು. ನಿರ್ಮಿಸಿದ ಸಂಸ್ಥೆಯೂ ಕಥಾಕರ್ತರೂ ಆಗ ಬೇರೆಯಾಗಿದ್ದರು. ಅದರ ಪ್ರತಿನಾಯಕನು ಅನೇಕ ಮೃತರ ಅಂಗಗಳಿಂದ ಜೋಡಿಸಲ್ಪಟ್ಟ ದೇಹವುಳ್ಳವನಾದ್ದರಿಂದ ಯಂತ್ರಕ್ಕೆ ಒಬ್ಬ ವ್ಯಕ್ತಿಯಾಗಿ ಕಾಣಲಾರನು. ಸಮೂಹವು ತಪ್ಪುಮಾಡಿದರೆ ಸಮೂಹಕ್ಕೆ ದಂಡವೇನು ಎಂಬ ಪ್ರಶ್ನೆಯನ್ನು ಅವನಿಂದ ಎತ್ತಿಸಿರುವರು. ಪ್ರಶ್ನೆಯು ಘನವಾದುದು. ಆದರೆ ರಕ್ತಮಾಂಸಗಳ ಪ್ರದರ್ಶನವು ಅತಿಯಾಗಿ, ಅಂಗವಾಗಬೇಕಾಗಿದ್ದ ಬೀಭತ್ಸವು ಅಂಗಿಯನ್ನೇ ನುಂಗಿರುವುದು. ಇಲ್ಲಿ ನಾವು ಪ್ರೇಕ್ಷಕರ ಪಕ್ಷದವರೇ.

ಇನ್ನು ಮುಖ್ಯವಾದ ವಿವಾದಕ್ಕೆ ಬರೋಣ. ಮೊದಲ ಮಾಲೆಯ ಕೊನೆಯಲ್ಲಿ ಸಿಬಿಲ್ಲಿನ ಗುಟ್ಟು ಅಕಾನೆಗೆ ತಿಳಿಯುವುದು: ಅದು ಯಂತ್ರವಲ್ಲ, ಮಕಿಶಿಮಾನಂತೆಯೇ ಅಳತೆಗೆ ಸಿಕ್ಕದ ಮನುಷ್ಯರ ಮೆದುಳುಗಳನ್ನು ಇನ್ನೂರಕ್ಕೂ ಮಿಕ್ಕಿ ಒಟ್ಟುಗೂಡಿಸಿದ ಸಭೆ. ಅಂದರೆ ಅಪರಾಧಿಗಳೇ ನ್ಯಾಯಾಧಿಪತಿಗಳು. ಇದನ್ನು ತಿಳಿದೂ ಆಕೆಯು ಅದನ್ನು ನಾಶಮಾಡುವುದಿಲ್ಲ, ಕೆಲಸದಲ್ಲಿಯೇ ಮುಂದುವರಿಯುವಳು. ನಮ್ಮೂರಿನ ತರುಣರಲ್ಲಿ ಅರ್ಧ ಮಂದಿ ಇದನ್ನು ಹೇಡಿತನವೆಂದರು. ಕಂಸನನ್ನು ಕೊಲ್ಲದ ಕೃಷ್ಣನ ಕಥೆಯಂತಾಯಿತೆಂದು ಒಬ್ಬನು ಹೇಳಿದನು. ಮತ್ತೊಬ್ಬ ರೈತನ ಮಗನು ಕೊಟ್ಟ ಉತ್ತರವು ಸ್ಮರಣೀಯವಾಗಿದೆ. ಕಥೆಯಲ್ಲಿ ದೇಶದ ಆಹಾರವೆಲ್ಲವೂ ಓಟ್ಸಿನ ಒಂದೇ ತಳಿಯನ್ನು ಅವಲಂಬಿಸಿರುವುದು. ಮಕಿಶಿಮಾ ಅದಕ್ಕೆ ರೋಗವನ್ನು ಹಬ್ಬಿಸಿ ವ್ಯವಸ್ಥೆಯನ್ನು ಉರುಳಿಸಹೊರಡುವನು. ಕಬ್ಬೊಂದನ್ನೇ ನಂಬಿ ಬದುಕುವ ನಮಗೆ, ವ್ಯವಸ್ಥೆ ಕೆಟ್ಟದ್ದೆಂದು ಒಂದೇ ದಿನದಲ್ಲಿ ಕಿತ್ತರೆ ಉಪವಾಸ ಬೀಳುವವರು ಯಾರೆಂಬುದು ಗೊತ್ತು ಎಂಬುದೇ ಆ ಹುಡುಗನ ಅಭಿಪ್ರಾಯ. ಅಕಾನೆಯ ಮೌನಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಕೇಳಿಲ್ಲ.

ಆದರೆ ವಿವಾದದ ಬೇರು ಇನ್ನೂ ಕೆಳಗಿದೆ: ಸಂಕಲ್ಪಮಾತ್ರಕ್ಕೆ ಫಲವುಂಟೆ? ಕನ್ನಡಿಗರಿಗೆ ಈ ಪ್ರಶ್ನೆಯು ಹೊಸದಲ್ಲ. 1209ರಲ್ಲಿ ರಚಿತವಾದ ಜನ್ನನ ಯಶೋಧರಚರಿತೆಯ ಜೀವಾಳವೇ ಇದು. ಯಶೋಧರನು ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಜೀವವುಳ್ಳ ಕೋಳಿಯನ್ನು ಕೊಂದವನಲ್ಲ. ಆದರೂ ಸಂಕಲ್ಪಹಿಂಸೆಯ ಪಾಪವು ತಾಯಿಮಕ್ಕಳನ್ನು ಜನ್ಮಜನ್ಮಾಂತರಗಳಲ್ಲಿ ಪ್ರಾಣಿಯೋನಿಗಳಲ್ಲಿ ತೊಳಲಿಸಿತು. ಮೇಲುನೋಟಕ್ಕೆ ಸಿಬಿಲ್ಲಿನ ಶಾಸನವೂ ಜನ್ನನ ಧರ್ಮವೂ ಒಂದೇ ಎಂದು ತೋರಬಹುದು. ಭೇದವು ಎಲ್ಲಿದೆಯೆಂದರೆ, ಜನ್ನನಲ್ಲಿ ಆ ಫಲವನ್ನು ಕೊಟ್ಟದ್ದು ಕರ್ಮ, ಯಾವ ಅಧಿಕಾರಿಯೂ ಅಲ್ಲ. ಅಷ್ಟೇ ಅಲ್ಲದೆ, ಆ ಕಥೆಯನ್ನು ಕೇಳಿದ ಮಾರಿದತ್ತನು ತಾನಾಗಿಯೇ ಹಿಂಸೆಯನ್ನು ತೊರೆದನು. ಕರ್ಮದ ಲೆಕ್ಕದಲ್ಲಿ ಪಶ್ಚಾತ್ತಾಪಕ್ಕೆ ಎಡೆಯುಂಟು.

ಮನುವೂ ಮನೋವಾಕ್ಕಾಯಗಳ ಕರ್ಮಗಳನ್ನು ಬೇರೆಬೇರೆಯಾಗಿ ಎಣಿಸಿ, ಮನಸ್ಸಿನಿಂದ ಮಾಡಿದ್ದನ್ನು ಮನಸ್ಸಿನಿಂದಲೇ ಅನುಭವಿಸತಕ್ಕದ್ದೆಂದು ಹೇಳಿರುವನು. ಅದಕ್ಕೆ ರಾಜನ ದಂಡವನ್ನು ಅಲ್ಲಿ ಹೇಳಿಲ್ಲ. ಸ್ವರ, ವರ್ಣ, ಇಂಗಿತ, ಆಕಾರಗಳಿಂದ ಒಳಗಿನ ಭಾವವನ್ನು ಕಂಡುಹಿಡಿಯಬೇಕೆಂದು ಮನುವೇ ನ್ಯಾಯಾಧಿಪತಿಗೆ ವಿಧಿಸಿಲ್ಲವೆ ಎಂದು ಪೂರ್ವಪಕ್ಷಿಯು ಕೇಳಬಹುದು. ನಿಜ, ಆದರೆ ಆ ವಿಧಿಯು ಸಭೆಗೆ ಬಂದ ವ್ಯವಹಾರದಲ್ಲಿ ಸತ್ಯಾಸತ್ಯಗಳ ನಿರ್ಣಯಕ್ಕೆ ಸಾಧನವೇ ಹೊರತು, ಮನೆಯಲ್ಲಿ ಕುಳಿತವನ ಚಿತ್ತವನ್ನು ಶೋಧಿಸುವುದಕ್ಕಲ್ಲ. ಭಾವವು ಅಲ್ಲಿ ಸಾಕ್ಷಿ, ಇಲ್ಲಿ ಅಪರಾಧ. ಮೊದಲ ಕಂತಿನಲ್ಲಿಯೇ ಇದರ ಪರಿಣಾಮವನ್ನು ತೋರಿಸಿರುವರು. ದುಷ್ಟನ ಕೈಗೆ ಸಿಕ್ಕಿ ನೊಂದ ಹೆಂಗಸಿನ ಅಪರಾಧಾಂಕವು ಭಯದಿಂದಲೇ ಏರಿ, ಆಯುಧವು ಆಕೆಯನ್ನು ಕೊಲ್ಲಲು ಅನುಮತಿ ಕೊಡುವುದು. ಅಕಾನೆಯು ತನ್ನ ಕಡೆಯವನಾದ ಕೋಗಾಮಿಯನ್ನೇ ಸ್ತಂಭನಗೊಳಿಸಿ, ಆಕೆಯೊಡನೆ ಮಾತನಾಡಿ ಸಮಾಧಾನಪಡಿಸುವಳು, ಅಂಕವು ಇಳಿಯುವುದು. ಮಾತಿನಿಂದ ಇಳಿಯುವ ಅಂಕವು ಅಪರಾಧದ ಅಳತೆಯಲ್ಲ, ದುಃಖದ ಅಳತೆ.

ಇದು ಕೇವಲ ಕಲ್ಪನೆಯೆಂದು ಓದುಗರು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಬ್ರಿಟಿಷರು 1871ರಲ್ಲಿ ತಂದು, 1911ರಲ್ಲಿ ವಿಸ್ತರಿಸಿದ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಹುಟ್ಟಿನಿಂದಲೇ ಮನುಷ್ಯರನ್ನು ಸುಪ್ತಾಪರಾಧಿಗಳೆಂದು ಪಟ್ಟಿಮಾಡಿತ್ತು. ನಮ್ಮ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿಯೇ ಅಂಥವರನ್ನು ಕೂಡಿಹಾಕಿದ ವಸತಿಗಳಿದ್ದುವು. 1952ರಲ್ಲಿ ಕಾಯಿದೆಯು ರದ್ದಾದರೂ ಕಳಂಕವು ಬೇಗ ಅಳಿಯಲಿಲ್ಲ. ಅಲ್ಲಿ ಜಾತಿಯು ಅಂಕವಾಗಿತ್ತು. ಇಲ್ಲಿ ಯಂತ್ರವು ಅಂಕವನ್ನು ಕೊಡುವುದು. ಮಾಡದ ಕೃತ್ಯಕ್ಕೆ ಮನುಷ್ಯನು ಉತ್ತರವನ್ನು ಕೊಡಲಾರನೆಂಬುದು ಎರಡಕ್ಕೂ ಸಮಾನ.

ಆದುದರಿಂದ ಅಂತ್ಯವು ವೀರರಸಕ್ಕೆ ಕೊರತೆಯೆಂದು ದೂರುವವರಿಗೆ ನಮ್ಮ ವಿಜ್ಞಾಪನೆಯು ಇಷ್ಟೆ. ಅಕಾನೆಯು ಸಿಬಿಲ್ಲನ್ನು ಕೆಡವದಿದ್ದರೂ ಅದಕ್ಕೆ ತನ್ನ ಮನಸ್ಸನ್ನು ಒಪ್ಪಿಸಲಿಲ್ಲ; ಶಾಸನವನ್ನು ಕಾಯುವವಳು ಜನರೇ ಹೊರತು ಶಾಸನವು ಜನರನ್ನು ಕಾಯುವುದಿಲ್ಲವೆಂಬ ನಂಬಿಕೆಯಿಂದ ನಿಂತಳು. ಕೇಡನ್ನು ಕಂಡು, ಅದರ ಒಳಗೆಯೇ ಇದ್ದು, ಕಲುಷಿತಳಾಗದೆ ಕಾದಿರುವುದು ಧರ್ಮವೀರದ ಒಂದು ಕಠಿನವಾದ ರೂಪ. ಗುಟ್ಟನ್ನು ಹೊತ್ತು ಆಕೆಯು ಹಿಂದಿರುಗುವಾಗ ಪ್ರೇಕ್ಷಕನಿಗೆ ಆಗುವ ಅತೃಪ್ತಿಯು ಕೃತಿಯ ದೋಷವಲ್ಲ, ಅದರ ಫಲವೇ ಸರಿ. ನಮ್ಮ ಜಗಲಿಯ ವಾದವು ಇನ್ನೂ ಮುಗಿದಿಲ್ಲ. ಮುಗಿಯದಿರುವುದೇ ಒಳ್ಳೆಯದೆಂದು ಲೇಖಕನಿಗೆ ತೋರುವುದು. ಹೊಸ ಮಾಧ್ಯಮಗಳ ಇಂಥ ಕೃತಿಗಳನ್ನೂ ನಮ್ಮ ಪಾಠಶಾಲೆಗಳ ಅಧ್ಯಾಪಕರು ಜನ್ನನ ಪಕ್ಕದಲ್ಲಿಟ್ಟು ಓದಿಸಿದರೆ, ಹಳೆಯದೂ ಹೊಸದೂ ಒಂದರಿಂದೊಂದು ಬೆಳಗುವುದೆಂದು ನಂಬಿ ವಿರಮಿಸುವೆನು.