‘ಕಬಾಲ್’ ಎಂಬ ಶಬ್ದದ ವಿಚಾರ

ಗುಟ್ಟಾಗಿ ಕಲೆತು ಒಳಸಂಚು ನಡೆಸುವ ಸಣ್ಣ ಕೂಟಕ್ಕೆ ಆಂಗ್ಲಭಾಷೆಯಲ್ಲಿ ‘ಕಬಾಲ್’ ಎಂದು ಹೆಸರು. ಈ ಶಬ್ದದ ಹುಟ್ಟನ್ನು ಕುರಿತು ವಿದ್ಯಾವಂತರಲ್ಲಿಯೂ ಒಂದು ಕಥೆ ಬಳಕೆಯಲ್ಲಿದೆ. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆಗೆ ಕ್ಲಿಫರ್ಡ್, ಆರ್ಲಿಂಗ್‌ಟನ್, ಬಕಿಂಗ್‌ಹ್ಯಾಮ್, ಆಶ್ಲಿ, ಲಾಡರ್‌ಡೇಲ್ ಎಂಬ ಐವರು ಮಂತ್ರಿಗಳಿದ್ದರಂತೆ. ಆಂಗ್ಲಲಿಪಿಯಲ್ಲಿ ಅವರ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಲಾಗಿ ಈ ಶಬ್ದವು ಹುಟ್ಟಿತಂತೆ.

ಮಂತ್ರಿಗಳಿದ್ದುದು ನಿಜ, ವ್ಯುತ್ಪತ್ತಿ ಮಾತ್ರ ನಿಜವಲ್ಲ. ಅವರ ಆಡಳಿತ ನಡೆದುದು 1667ರ ತರುವಾಯ. ಶಬ್ದವಾದರೋ ಅದಕ್ಕೆ ಮೊದಲೇ ಒಳಸಂಚೆಂಬ ಅರ್ಥದಲ್ಲಿ ಆ ಭಾಷೆಯಲ್ಲಿ ಸಲ್ಲುತ್ತಿದ್ದಿತು. ಇದ್ದ ಬೈಗುಳಿಗೆ ಹೆಸರುಗಳು ಒದಗಿಬಂದುವೇ ಹೊರತು ಹೆಸರುಗಳಿಂದ ಬೈಗುಳು ಹುಟ್ಟಲಿಲ್ಲ. ಅಲ್ಲದೆ ಆ ಐವರು ಏಕಮನಸ್ಕರೂ ಆಗಿರಲಿಲ್ಲ. 1670ರಲ್ಲಿ ಫ್ರಾನ್ಸಿನ ದೊರೆಯೊಡನೆ ಡೋವರಿನಲ್ಲಾದ ರಹಸ್ಯಸಂಧಿಯ ಒಳಗುಟ್ಟನ್ನು ಅವರಲ್ಲಿ ಬಲ್ಲವರು ಕ್ಲಿಫರ್ಡ್, ಆರ್ಲಿಂಗ್‌ಟನ್ ಇಬ್ಬರೇ. ಉಳಿದ ಮೂವರ ಕಣ್ಣಿಗೆ ತೋರಿಕೆಯ ಬೇರೊಂದು ಕರಾರನ್ನು ಒಡ್ಡಲಾಯಿತು.

ಶಬ್ದದ ಮೂಲವು ಹೀಬ್ರೂ ಭಾಷೆಯ ‘ಕಬ್ಬಾಲಾ’. ‘ಸ್ವೀಕರಿಸು’ ಎಂಬರ್ಥದ ಧಾತುವಿನಿಂದ ಬಂದ ಇದಕ್ಕೆ ‘ಪರಂಪರೆಯಿಂದ ಪಡೆದುದು’ ಎಂದರ್ಥ. ನಮ್ಮ ‘ಸಂಪ್ರದಾಯ’ ಶಬ್ದವು ಕೊಡುವವನ ಕಡೆಯಿಂದ ಹೇಳುವುದನ್ನು ಅದು ಪಡೆಯುವವನ ಕಡೆಯಿಂದ ಹೇಳುತ್ತದೆ. ಯೆಹೂದ್ಯರ ಅಧ್ಯಾತ್ಮವಿದ್ಯೆಗೆ ಇದೇ ಹೆಸರಾಯಿತು. ಲ್ಯಾಟಿನ್, ಫ್ರೆಂಚ್ ಭಾಷೆಗಳ ಹಾದಿಯಾಗಿ ಅನ್ಯರ ಬಾಯಿಗೆ ಬಿದ್ದಾಗ ವಿದ್ಯೆಯು ಗುಟ್ಟಾಯಿತು, ಗುಟ್ಟು ಸಂಚಾಯಿತು.

ನಮ್ಮಲ್ಲಿಯೂ ‘ಮಂತ್ರ’ವು ವೇದವಾಕ್ಯಕ್ಕೂ ಅರಸರ ಗುಪ್ತಾಲೋಚನೆಗೂ ಸಲ್ಲುತ್ತದೆ, ಅದನ್ನು ಕಾಪಾಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ಕೇಡನ್ನು ಹೇಳಬೇಕಾದಾಗ ನಾವು ‘ದುರ್ಮಂತ್ರ’ವೆನ್ನುವೆವು, ಮೂಲಶಬ್ದಕ್ಕೆ ಕಳಂಕವಿಲ್ಲ. ಆದರೆ ಹೊರಗಿನಿಂದ ಬಂದ ‘ಮಸಲತ್ತಿ’ನ ಗತಿಯೇ ಬೇರೆ: ಅರಬ್ಬೀ ಮೂಲದಲ್ಲಿ ‘ಹಿತ’ವೆಂದಿದ್ದುದು ಕನ್ನಡದಲ್ಲಿ ಒಳಸಂಚಾಗಿದೆ. ನಮ್ಮದಲ್ಲದ ಮಾತಿಗೆ ಸಂದೇಹವು ಬೇಗನೆ ಅಂಟುವುದಷ್ಟೆ.

ಇದು ಬರಿಯ ನಿಘಂಟಿನ ವಿಷಯವಲ್ಲ. ಯೆಹೂದ್ಯ ಹಿರಿಯರು ಲೋಕವನ್ನಾಳಲು ಸಂಚು ಹೂಡಿರುವರೆಂಬ ಸುಳ್ಳುಬರಹವೊಂದು 1903ರಲ್ಲಿ ರಷ್ಯದಲ್ಲಿ ಅಚ್ಚಾಯಿತು. ಅದು ಅನ್ಯಪುಸ್ತಕದಿಂದ ಕದ್ದುದೆಂದು 1921ರಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯು ತೋರಿಸಿಕೊಟ್ಟಿತು. ಆದರೂ ಜರ್ಮನಿಯ ನಾಜಿಗಳು ಅದನ್ನೇ ಪ್ರಚಾರಮಾಡಿದರು. ಲಕ್ಷಾಂತರ ನಿರಪರಾಧಿಗಳ ಕೊಲೆಗೆ ನೆಲ ಹದವಾದುದು ಇಂತಹ ಮಾತುಗಳಿಂದಲೇ.

ಆದುದರಿಂದ ಕನ್ನಡಿಸುವವರಲ್ಲಿ ಒಂದು ವಿಜ್ಞಾಪನೆ. ಸಂಚಿಗೆ ಸಾಕ್ಷ್ಯವಿದ್ದಲ್ಲಿ ‘ಸಂಚುಕೂಟ’ವೆಂದು ಧಾರಾಳವಾಗಿ ಬರೆಯಲಿ, ಇಲ್ಲದಲ್ಲಿ ‘ಗೋಷ್ಠಿ’ ಎಂದರೆ ಸಾಕು. ವಿಚಾರಣೆಗೆ ಮೊದಲೇ ತೀರ್ಪು ಕೊಡುವ ಶಬ್ದವನ್ನು ಹಿಡಿದು ನಡೆಸುವುದು ಪಂಡಿತನಿಗೆ ಒಪ್ಪುವ ಕೆಲಸವಲ್ಲ.